ಗೆದ್ದೋರು ಯಾಕ್ಲಾ ಅಳ್ತಾವ್ರೆ?

ಹೋದ ವರ್ಷ ಆಗಸ್ಟಿನ ಒಂದು ಶನಿವಾರ, ಬೆಳಿಗ್ಗೆ ಐದೂಕಾಲು. ಹೊರಗೆ ಬಿಡದ ಮಳೆ. ನಡುಮನೆ ತುಂಬ ಆಲೂಗಡ್ಡೆ. ಎರಡು ದಿನ ಮಳೆ ಬಿಡುವು ಕೊಟ್ಟಾಗ ಅವಸರದಲ್ಲಿ ಕಿತ್ತು ತಂದು, ನೀರು ಆರಲಿ ಅಂತ ಗೋಣಿತಾಟಿನ ಮೇಲೆ ಹರಡಿದ್ದೆವು. ಅದರ ನಡುವೆಯೇ ಒಂದಿಷ್ಟು ಜಾಗ ಮಾಡಿಕೊಂಡು ಅವ್ವ, ನಾನು, ನನ್ನ ಹೆಂಡತಿ ಕೂತಿದ್ದೆವು. ಚೊಂಬಿಗೆ ಒರಗಿಸಿ ಮೊಬೈಲ್ ನಿಲ್ಲಿಸಿದ್ದೆ. ಅದರೊಳಗೆ ನ್ಯೂಜಿಲೆಂಡಿನ ಹ್ಯಾಮಿಲ್ಟನ್. ಅಲ್ಲಿ ಗಂಟೆ ಹನ್ನೊಂದೂಮುಕ್ಕಾಲು, ನಡುಹಗಲು. ಅಕ್ಕ ವಾಟ್ಸ್‌ಆ್ಯಪ್ ಕಾಲ್ ಮಾಡಿ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದಳು. ಅಲ್ಲೂ ಮಳೆ.

ಆಟ ರಗ್ಬಿ. ಆಡುವವನು ಅಕ್ಕನ ಮಗ, ನಮ್ಮ ಪುಟ್ಟ. ಹದಿನಾಲ್ಕು ವರ್ಷ. ಎಂಟು ಶಾಲೆಗಳ ಹುಡುಗರ ಲೀಗ್, ಅವತ್ತು ಕೊನೆಯ ಪಂದ್ಯ. ಪಟ್ಟಿಯಲ್ಲಿ ಮೊದಲನೆಯವರಿಗೂ ಎರಡನೆಯವರಿಗೂ ನೇರ ಜಗಳ. ಎರಡನೆಯವರು ನಾವು. ಆಲೂರು ಕಡೆಯ ಒಂದು ಹಳ್ಳಿಯಲ್ಲಿ ಕೂತು 'ನಾವು' ಅನ್ನುವುದು ಸ್ವಲ್ಪ ಜಾಸ್ತಿಯೇ ಆಯ್ತು. ಆದರೆ ಮೇ ತಿಂಗಳಿಂದ ಪಂದ್ಯವಿದ್ದ ಪ್ರತಿ ಶನಿವಾರ ಐದು ಗಂಟೆಗೆ ಅಲಾರಂ ಇಟ್ಟು ಎದ್ದವರಿಗೆ ಅಷ್ಟು ಹಕ್ಕಿದೆ.

ಭಾವನಿಗೆ ಅಲ್ಲಿ ಹಾಲಿನ ಕಾರ್ಖಾನೆಯಲ್ಲಿ ಕೆಲಸ. ಹ್ಯಾಮಿಲ್ಟನ್ ಇರುವ ವೈಕಾಟೊ ಸೀಮೆ ಹಸುಗಳಿಗೆ, ಹಾಲಿಗೆ ಹೆಸರುವಾಸಿ. "ಹಾಲಿನ ಕೆಲ್ಸಕ್ಕೆ ಸಮುದ್ರ ದಾಟ್ಬೇಕಿತ್ತಾ, ಹಾಸನದಲ್ಲಿ ಡೇರಿ ಇರ್ಲಿಲ್ವಾ" ಅಂತ ಅವ್ವ ಇವತ್ತಿಗೂ ಕೇಳುತ್ತಾಳೆ. ಹೋಗುವಾಗ ಪುಟ್ಟನಿಗೆ ನಾಲ್ಕು ವರ್ಷ. ಆ ದೇಶದಲ್ಲಿ ಗಂಡುಹುಡುಗರಿಗೆ ರಗ್ಬಿ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಕಲಿಯೋದೇನೂ ಇರಲ್ಲ, ಬೀದಿಯಲ್ಲೇ ಅಂಟಿಕೊಳ್ಳುತ್ತೆ.

ಮೊದಲ ಸಲ ನೋಡಿದಾಗ ಅವ್ವನಿಗೆ ಚೆಂಡೇ ಒಪ್ಪಿಗೆಯಾಗಲಿಲ್ಲ. "ಇದೇನ್ಲಾ, ಚೆಂಡೋ ಆಲೂಗೆಡ್ಡೆಯೋ?" ಅಂದಳು. ಮನೆಯಲ್ಲಿದ್ದ ಉದ್ದನೆಯ ಒಂದು ಗೆಡ್ಡೆ ಎತ್ತಿ ಮೊಬೈಲಿನ ಪಕ್ಕ ಹಿಡಿದು ತೋರಿಸಿದಳು. ಸುಳ್ಳಲ್ಲ, ಅದೇ ಆಕಾರ. ಆಮೇಲಿನ ತಕರಾರು ಇನ್ನೂ ದೊಡ್ಡದು. "ಮುಂದಕ್ಕೆ ಓಡೋನು ಹಿಂದಕ್ಕೆ ಯಾಕೆ ಎಸೀತಾನೆ? ತಲೆ ನೆಟ್ಟಗಿದ್ದದಾ?"

ನನಗೂ ಅದು ಅರ್ಥವಾಗೋಕೆ ಎರಡು ಶನಿವಾರ ಬೇಕಾಯ್ತು. ರಗ್ಬಿಯಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಕೊಡುವ ಹಾಗಿಲ್ಲ. ಮುಂದೆ ಹೋಗಬೇಕಾದರೆ ಹಿಡಿದುಕೊಂಡು ಓಡಬೇಕು, ಇಲ್ಲ ಒದೆಯಬೇಕು. ಕೊಡುವುದಾದರೆ ಪಕ್ಕಕ್ಕೆ ಅಥವಾ ಹಿಂದಕ್ಕೆ. ಹಾಗಾಗಿ ಚೆಂಡು ಹಿಡಿದ ಹುಡುಗನ ಎದುರಿಗೆ ಇರುವವರೆಲ್ಲ ಎದುರಾಳಿಗಳೇ. ಅವನ ಕಡೆಯವರು ಎಲ್ಲರೂ ಬೆನ್ನ ಹಿಂದೆ. ನಾನು ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವನು. ಕಬಡ್ಡಿಯಲ್ಲಿ ಹೋಲಿಸಿ ನೋಡಿದ ಮೇಲೆ ಇದು ತಲೆಗೆ ಹತ್ತಿತು. ರೇಡಿಗೆ ಹೋದವನ ಕಣ್ಣು ಮುಂದೆ, ಜೀವ ಮಾತ್ರ ಹಿಂದಿನ ನಡುಗೆರೆಯಲ್ಲಿ, ಅಲ್ವಾ? ಅವ್ವನಿಗೆ ಹೀಗೇ ಹೇಳಿದೆ. "ಹಂಗಂದ್ರೆ ಸರಿ" ಅಂದಳು. ಅವತ್ತಿಂದ ಪುಟ್ಟ ಚೆಂಡು ಹಿಡಿದರೆ ಸಾಕು, ಅವ್ವ "ಹಿಂದೆ ನೋಡ್ಲಾ, ಹಿಂದೆ ನೋಡು" ಅಂತ ಮೊಬೈಲಿಗೆ ಕೂಗುತ್ತಾಳೆ. ಅಕ್ಕನ ಪಕ್ಕದಲ್ಲಿ ನಿಂತ ಬಿಳಿಯರು ಬೆಚ್ಚಿಬಿದ್ದು ತಿರುಗಿ ನೋಡುವುದು ನಮಗೆ ಕಾಣುತ್ತದೆ.

ಪಾಯಿಂಟ್ ಲೆಕ್ಕ ಹೇಳಿಬಿಡುತ್ತೇನೆ, ಇದಿಲ್ಲದೆ ಮುಂದಿನದು ತಿಳಿಯೋದಿಲ್ಲ. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಪಾಯಿಂಟ್. ಅದಾದ ಮೇಲೆ ಎರಡು ಕಂಬಗಳ ಮಧ್ಯೆ, ಅಡ್ಡಪಟ್ಟಿಯ ಮೇಲಿಂದ ಒದ್ದರೆ ಇನ್ನೂ 2. ಎದುರಾಳಿ ತಪ್ಪು ಮಾಡಿ ಪೆನಾಲ್ಟಿ ಸಿಕ್ಕು, ಅದನ್ನು ಕಂಬದ ಮಧ್ಯೆ ಒದ್ದರೆ 3. 'ಟ್ರೈ' ಅನ್ನುವ ಹೆಸರಿನ ಹಿಂದೆ ಒಂದು ಮಜಾ ಇದೆ. ಶುರುವಿನ ಕಾಲದಲ್ಲಿ ಗೆರೆ ದಾಟಿ ಚೆಂಡು ಮುಟ್ಟಿಸಿದರೆ ಒಂದು ಪಾಯಿಂಟೂ ಸಿಗುತ್ತಿರಲಿಲ್ಲ. ಕಂಬಕ್ಕೆ ಒದೆಯುವ ಪ್ರಯತ್ನ ಮಾಡಬಹುದು ಅಂತ ಒಂದು ಅವಕಾಶ ಸಿಗುತ್ತಿತ್ತು, ಅಷ್ಟೆ. ಒದೆತ ಗುರಿ ತಪ್ಪಿದರೆ ಅಷ್ಟು ಜನರ ಕೆಳಗೆ ಬಿದ್ದು ಎದ್ದದ್ದೆಲ್ಲ ದಂಡ. ನಾಡಕಚೇರಿಯಲ್ಲಿ ಇಡೀ ದಿನ ಸಾಲಿನಲ್ಲಿ ನಿಂತವನಿಗೆ ಕೊನೆಗೆ ಅರ್ಜಿ ಫಾರಂ ಕೊಟ್ಟು ಕಳಿಸಿದ ಹಾಗೆ.

ರಗ್ಬಿ ನಮಗೆ ಸಂಬಂಧವೇ ಇಲ್ಲದ ಆಟ ಅಂದುಕೊಂಡಿದ್ದೆ. ಪೂರ್ತಿ ಹಾಗೇನಿಲ್ಲ. 1870ರ ದಶಕದಲ್ಲಿ ಕಲ್ಕತ್ತಾದ ಇಂಗ್ಲಿಷರು ಒಂದು ರಗ್ಬಿ ಕ್ಲಬ್ ಕಟ್ಟಿದ್ದರು. ಅದು ಮುಚ್ಚುವ ಸ್ಥಿತಿಗೆ ಬಂದಾಗ ಬ್ಯಾಂಕಿನಲ್ಲಿದ್ದ ಹಣವನ್ನೆಲ್ಲ ಬೆಳ್ಳಿ ರೂಪಾಯಿಯಾಗಿ ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುತ್ತಿರುವುದು ಆ ಕಲ್ಕತ್ತಾ ಕಪ್ಪಿಗೆ. ಇದನ್ನು ಹೇಳಿದಾಗ ಅವ್ವ ಕೇಳಿದ್ದು ಒಂದೇ: "ನಮ್ ದುಡ್ಡಲ್ವಾ ಅದು?"

ಈಗ ಲೀಗಿನ ವಿಚಾರ. ಗೆದ್ದರೆ 4, ಸಮವಾದರೆ 2. ಇದರ ಮೇಲೆ ಬೋನಸ್ ಎರಡು ಥರ. ಒಂದೇ ಪಂದ್ಯದಲ್ಲಿ ನಾಲ್ಕು ಟ್ರೈ ಹೊಡೆದರೆ 1. ಸೋತರೂ ಅಂತರ 7 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 1. ರಗ್ಬಿ ವಿಶ್ವಕಪ್ಪಿಗೂ 2003ರಲ್ಲಿ ಈ ಬೋನಸ್ ಬಂತು. ಅವ್ವನಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಲೂ ಗೆದ್ದರೆ 5, ಏಳರೊಳಗೆ ಸೋತರೆ 1 ಅಂತಲೇ ಇತ್ತಲ್ಲ. ನಮ್ಮವ್ವ ಬೆಂಗಳೂರು ಬುಲ್ಸ್ ಕಡೆಯವಳು. 2019ರ ಜನವರಿಯಲ್ಲಿ ಗುಜರಾತಿನ ಮೇಲೆ 38–33ರಲ್ಲಿ ಫೈನಲ್ ಗೆದ್ದ ರಾತ್ರಿ, ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದದ್ದನ್ನು ಮಾರನೆ ದಿನ ಹಾಲು ಹಾಕಲು ಹೋದವಳು ಡೇರಿಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಳು. ಅವಳಿಗೆ ನಾನೇನು ಲೆಕ್ಕ ಕಲಿಸೋದು.

ಕೊನೆಯ ಪಂದ್ಯಕ್ಕೆ ಮುಂಚೆ ಆ ಮೊದಲನೆಯ ಶಾಲೆ ಆರಕ್ಕೆ ಆರೂ ಗೆದ್ದಿತ್ತು. 28 ಪಾಯಿಂಟ್. ನಾವು ಐದು ಗೆದ್ದು, ಒಂದನ್ನು ಸ್ವಲ್ಪದರಲ್ಲಿ ಸೋತು, 24. ಇಬ್ಬರೂ ಸಮ ಬಂದರೆ ಪರಸ್ಪರ ಆಡಿದ ಪಂದ್ಯ ಗೆದ್ದವರು ಮೇಲೆ. ಅಂದರೆ ನಾವು ಗೆಲ್ಲಬೇಕು, ಅವರಿಗೆ ಒಂದು ಪಾಯಿಂಟೂ ಸಿಗಬಾರದು. ಎಂಟಾದರೂ ಅಂತರ ಬೇಕು. ಇಲ್ಲವೇ ನಾಲ್ಕು ಟ್ರೈ. ಹಿಂದಿನ ರಾತ್ರಿಯೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಇದನ್ನೆಲ್ಲ ಬರೆದು ಇಟ್ಟುಕೊಂಡಿದ್ದೆ. ಹರಿದದ್ದು ಜುಲೈ ಹಾಳೆ ಬಿಡಿ, ಮುಗಿದ ತಿಂಗಳು.

ಪಂದ್ಯಕ್ಕೆ ಮೊದಲು ಅಂಚಿನಲ್ಲಿ ನಿಂತಿದ್ದ ಶಾಲೆಯ ಹುಡುಗರೆಲ್ಲ ಹಾಕಾ ಮಾಡಿದರು. ಅದು ಅಲ್ಲಿನ ಮೂಲದವರಾದ ಮಾವೊರಿಗಳದ್ದು. ನೆಲಕ್ಕೆ ಕಾಲು ಅಪ್ಪಳಿಸಿ, ತೊಡೆ ತಟ್ಟಿ, ಕಣ್ಣರಳಿಸಿ, ಒಟ್ಟಾಗಿ ಕೂಗುತ್ತಾರೆ. ಮೊಬೈಲಿನ ಪುಟ್ಟ ಸ್ಪೀಕರ್ ಒಡೆದೇಹೋಗುತ್ತೇನೋ ಅನ್ನಿಸಿತು. "ವೀರಗಾಸೆ ಇದ್ದಂಗದೆ" ಅಂದಳು ಅವ್ವ. ಕತ್ತಿ ಒಂದು ಕಮ್ಮಿ ಅಷ್ಟೆ.

ಮೊದಲರ್ಧ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾವು ನೋಡಿದ್ದು ಅರ್ಧದಲ್ಲಿ ಅರ್ಧ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಕರೆಂಟ್ ಅಂತೂ ನಡುರಾತ್ರಿಯೇ ಹೋಗಿತ್ತು. ಕೆಸರಲ್ಲಿ ಮೂವತ್ತು ಹುಡುಗರು, ಯಾರ ಅಂಗಿ ಯಾವ ಬಣ್ಣ ಅಂತ ಹೇಳುವ ಹಾಗಿರಲಿಲ್ಲ. ವಿರಾಮಕ್ಕೆ 12–7, ನಾವು ಮುಂದೆ.

ಎರಡನೇ ಅರ್ಧದಲ್ಲಿ ಅವರೊಂದು ಟ್ರೈ ಹೊಡೆದು 12–12 ಮಾಡಿದರು, ಮೇಲಿನ ಒದೆತ ತಪ್ಪಿತು. ನಮಗೊಂದು ಪೆನಾಲ್ಟಿ, 15–12. ಆಮೇಲೆ ಅದು ಆಯ್ತು. ನಮ್ಮವರು ಎಡದಿಂದ ಬಲಕ್ಕೆ ಕೈಯಿಂದ ಕೈಗೆ ಚೆಂಡು ದಾಟಿಸುತ್ತ ಬರುತ್ತಿದ್ದರು. ಬಲ ಅಂಚಿನಲ್ಲಿ 14ನೇ ನಂಬರಿನ ಪುಟ್ಟ ಒಬ್ಬನೇ, ಎದುರಿಗೆ ಖಾಲಿ ಮೈದಾನ. ಚೆಂಡು ಅವನ ಕೈಗೆ ಬಂತು. ಅವ್ವ ಮಂಡಿ ಮೇಲೆ ಎದ್ದಳು. ಚಿತ್ರ ನಿಂತುಹೋಯಿತು. ಪುಟ್ಟನ ಒಂದು ಕಾಲು ಗಾಳಿಯಲ್ಲಿ, ಪಕ್ಕದಲ್ಲಿ ಯಾರದೋ ಹಳದಿ ಕೊಡೆಯ ಅಂಚು. ಅಷ್ಟೆ. ಅಕ್ಕ ಕಿರುಚಿದ್ದು ಮಾತ್ರ ಕೇಳಿಸಿತು. ಖುಷಿಗೋ ಸಂಕಟಕ್ಕೋ ತಿಳಿಯಲಿಲ್ಲ. ಅವ್ವ ಮೊಬೈಲನ್ನು ಎತ್ತಿ ಕಿಟಕಿ ಹತ್ತಿರ ಹಿಡಿದಳು, ಜಗಲಿಗೆ ಓಡಿದಳು, ಕೈ ಮೇಲೆತ್ತಿ ಮಳೆಗೇ ಹಿಡಿದಳು. ಚಿತ್ರ ವಾಪಸ್ ಬರುವ ಹೊತ್ತಿಗೆ ಪುಟ್ಟನನ್ನು ನಾಲ್ಕು ಜನ ತಬ್ಬಿಕೊಂಡಿದ್ದರು. ಟ್ರೈ, ಮೇಲಿನ ಒದೆತವೂ ಸರಿಹೋಯಿತು. 22–12.

ಹತ್ತರ ಅಂತರ. ಇಷ್ಟೇ ಸಾಕಿತ್ತು. ಇನ್ನು ಏನೂ ಮಾಡದಿದ್ದರೆ ಸಾಕಿತ್ತು.

ಕೊನೆಯ ನಿಮಿಷ. ಚೆಂಡು ನಮ್ಮವರ ಕೈಯಲ್ಲೇ ಇತ್ತು. ನಮ್ಮದೇ ಭಾಗದಲ್ಲಿ ಒಬ್ಬ ಹುಡುಗ ಅದನ್ನು ಎದೆಗೆ ಅವುಚಿಕೊಂಡು ಬಿದ್ದ, ಮೇಲೆ ಇಬ್ಬರು ಬಿದ್ದರು. ರಗ್ಬಿಯಲ್ಲಿ ಹಿಡಿದು ಕೆಡವಿದ ಮೇಲೆ ಬಿದ್ದವನು ಚೆಂಡು ಬಿಡಲೇಬೇಕು. ಈ ಹುಡುಗ ಬಿಡಲಿಲ್ಲ. ಬಿಟ್ಟರೆ ಅವರಿಗೆ ಸಿಕ್ಕಿಬಿಡುತ್ತೆ ಅಂತ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ರೆಫ್ರಿ ಸೀಟಿ ಊದಿದರು. ಪೆನಾಲ್ಟಿ ಅವರಿಗೆ, ಕಂಬಗಳ ಸರಿ ಎದುರಿಗೆ.

ಅವರ ಕ್ಯಾಪ್ಟನ್ ಕಂಬಗಳ ಕಡೆ ಕೈ ತೋರಿಸಿದ. ಅಕ್ಕ ನಕ್ಕಳು. "ಲೋ, ಇವ್ರಿಗೇನಾಗಿದೆ? ಹತ್ತು ಪಾಯಿಂಟ್ ಹಿಂದಿದಾರೆ, ಟೈಮ್ ಮುಗ್ದಿದೆ, ಮೂರಕ್ಕೆ ಒದೀತಾರಂತೆ!" ಅವಳ ಸುತ್ತ ನಿಂತ ನಮ್ಮ ಕಡೆಯ ಅಪ್ಪ ಅಮ್ಮಂದಿರೂ ನಗುತ್ತಿದ್ದರು. ನಾನು ಕ್ಯಾಲೆಂಡರ್ ಹಾಳೆ ಹುಡುಕಿದೆ, ಅದರ ಮೇಲೆ ಕಾಫಿ ಲೋಟ ಕೂತಿತ್ತು. ಎತ್ತಿ ನೋಡಿದೆ. ಹತ್ತರಲ್ಲಿ ಮೂರು ಹೋದರೆ ಏಳು.

"ಅಕ್ಕಾ, ನಗಬೇಡ" ಅಂದೆ.

ಆ ಕ್ಯಾಪ್ಟನ್ ಹುಡುಗನಿಗೂ ಹೆಚ್ಚೆಂದರೆ ಹದಿನೈದು ವರ್ಷ. ಮಳೆಯಲ್ಲಿ, ಮೈಯೆಲ್ಲ ಕೆಸರಾಗಿ, ಸೋಲು ಗ್ಯಾರಂಟಿ ಅಂತ ಗೊತ್ತಿದ್ದೂ ಆ ಲೆಕ್ಕ ಹಾಕಿದ್ದನಲ್ಲ, ಅವನ ಮೇಲೆ ಸಿಟ್ಟು ಬರಲಿಲ್ಲ. ಬಂತು ಅನ್ನಿ, ಒಂದು ವಾರ ಇತ್ತು. ಅವನು ಒದ್ದ. ಚೆಂಡು ಓಲಾಡುತ್ತ ಹೋಗಿ ಕಂಬಗಳ ಮಧ್ಯೆ ಇಳಿಯಿತು. 22–15. ಉದ್ದನೆ ಸೀಟಿ.

ನಮ್ಮ ಹುಡುಗರಲ್ಲಿ ಕೆಲವರು ಕೈ ಮೇಲೆತ್ತಿ ಓಡಿದರು. ಎದುರಿನವರೂ ಕುಣಿಯುತ್ತಿದ್ದರು. ಎರಡು ತಂಡವೂ ಖುಷಿಯಾಗಿದ್ದ ಹತ್ತಿಪ್ಪತ್ತು ಸೆಕೆಂಡ್ ಅದು. ಆಮೇಲೆ ನಮ್ಮ ಕೋಚ್ ನಿಧಾನಕ್ಕೆ ನಡೆದು ಬಂದು ಏನೋ ಹೇಳಿದರು. ಒಬ್ಬೊಬ್ಬರೇ ಕೂತರು. ಚೆಂಡು ಬಿಡದ ಆ ಹುಡುಗ ಹುಲ್ಲಿನ ಮೇಲೆ ಮುಖ ಅಡಿ ಮಾಡಿ ಮಲಗಿಬಿಟ್ಟ.

ಅವ್ವ ಮೊಬೈಲಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು. "ಗೆದ್ದೋರು ಯಾಕ್ಲಾ ಅಳ್ತಾವ್ರೆ? ಸೋತೋರು ಯಾಕೆ ಕುಣೀತಾವ್ರೆ?"

ಅವರಿಗೆ 28ಕ್ಕೆ ಸೋಲಿನ ಬೋನಸ್ ಒಂದು ಸೇರಿ 29. ನಮಗೆ 24ಕ್ಕೆ ನಾಲ್ಕು ಸೇರಿ 28. ಅವರೂ ಏಳರಲ್ಲಿ ಆರು ಗೆದ್ದರು, ನಾವೂ ಆರು ಗೆದ್ದೆವು. ಅವರು ಸೋತ ಒಂದೇ ಪಂದ್ಯ ನಮ್ಮ ಮೇಲೆ. ಆದರೂ ಅವರು ಮೊದಲು. ಇದನ್ನು ಅವ್ವನಿಗೆ ಎರಡು ಸಲ ಹೇಳಿದೆ. ಅವಳಿಗೆ ಲೆಕ್ಕ ಅರ್ಥವಾಗಲಿಲ್ಲ ಅಂತಲ್ಲ. ಒಪ್ಪಿಗೆಯಾಗಲಿಲ್ಲ.

ಒಂಬತ್ತು ಗಂಟೆಗೆ ಪುಟ್ಟ ಫೋನ್ ಮಾಡಿದ. ಸ್ನಾನ ಆಗಿತ್ತು, ಕಿವಿಯ ಹಿಂದೆ ಇನ್ನೂ ಕೆಸರಿತ್ತು. ಅವನ ಕನ್ನಡ ನಾಲ್ಕು ವರ್ಷದ ಮಗುವಿನದ್ದೇ, ಅಲ್ಲಿಂದ ಮುಂದೆ ಬೆಳೆದಿಲ್ಲ. ಆ ಹುಡುಗ ಚೆಂಡು ಬಿಟ್ಟಿದ್ದರೆ ಆಗುತ್ತಿತ್ತು, ಪಾಪ, ಅಂತ ನಾನು ಏನೋ ಹೇಳಲು ಹೋದೆ.

"ಅವ್ನಲ್ಲ ಮಾವ" ಅಂದ. "ನಾನು. ಜೂನ್. ಮಳೆ ಮ್ಯಾಚ್. ನೀವು ನಕ್ಕಿದ್ರಿ."

ನೆನಪಾಯಿತು. ಜೂನಿನಲ್ಲಿ ಪಟ್ಟಿಯ ಕೊನೆಯ ತಂಡದ ಮೇಲೆ ಆಡಿದ್ದರು. ನಮ್ಮವರು ಮೂರು ಟ್ರೈ ಹೊಡೆದು ಆರಾಮಾಗಿ ಗೆಲ್ಲುತ್ತಿದ್ದರು. ಕೊನೆಯಲ್ಲಿ ಪುಟ್ಟ ಒಬ್ಬನೇ ಗೆರೆ ದಾಟಿ ಹೋಗಿದ್ದ, ಹಿಂದೆ ಮುಂದೆ ಯಾರೂ ಇಲ್ಲ. ಚೆಂಡನ್ನು ನೆಲಕ್ಕೆ ಒತ್ತಬೇಕು ಅನ್ನುವಾಗ ಅದು ಸೋಪಿನ ಹಾಗೆ ಕೈಯಿಂದ ಮುಂದಕ್ಕೆ ಜಾರಿತು. ಟ್ರೈ ಇಲ್ಲ. ಅಕ್ಕ ಆ ತುಣುಕನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಳು. ಎಲ್ಲರೂ ನಗುವ ಮುಖ ಹಾಕಿದ್ದೆವು. ನಾನು "ಎಣ್ಣೆ ಹಚ್ಕೊಂಡು ಬಂದಿದ್ಯೇನೋ" ಅಂತ ಬರೆದಿದ್ದೆ. ಗೆದ್ದ ಪಂದ್ಯ ತಾನೆ, ಯಾರಿಗೆ ಬೇಕು ಇನ್ನೊಂದು ಟ್ರೈ.

ಅದು ನಾಲ್ಕನೇ ಟ್ರೈ ಆಗುತ್ತಿತ್ತು. ಒಂದು ಬೋನಸ್. ಕೊನೆಗೆ 29–29. ಸಮ. ಸಮವಾದರೆ ನಾವು ಮೇಲೆ.

ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಾಕೌಟಿನಲ್ಲಿ ಈ ಕಾಟ ಇಲ್ಲ. ನಮ್ಮ ಕಾಲದಲ್ಲಿ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಆಮೇಲೆ ಮೈಸೂರು ವಿಭಾಗ ಅಂತ ಮೆಟ್ಟಿಲು ಮೆಟ್ಟಿಲು. ಸೋತ ದಿನವೇ ಬ್ಯಾಗ್ ಹೆಗಲಿಗೆ, ಬಸ್ಸು ಮನೆಗೆ. ನಾನು ತಾಲ್ಲೂಕು ಮಟ್ಟದಲ್ಲೇ ಬಸ್ ಹತ್ತಿದವನು. ಮರದ ಹೊಟ್ಟು ಬೆರೆಸಿದ ಮಣ್ಣಿನ ಅಂಕಣ, ಸುಣ್ಣದ ಗೆರೆ. ಒಂದು ಪಾಯಿಂಟ್ ಹಿಂದಿದ್ದೆವು, ಕೊನೆಯ ರೇಡ್ ನನ್ನದು. ಬೋನಸ್ ಗೆರೆ ದಾಟಿ ಕಾಲಿಟ್ಟೆ. ಆದರೆ ಹಿಂದಿನ ಕಾಲು ನೆಲ ಬಿಟ್ಟು ಮೇಲಿರಬೇಕು, ನನ್ನದು ಎದ್ದಿರಲಿಲ್ಲ. ಅಂಪೈರ್ ತಲೆ ಅಲ್ಲಾಡಿಸಿದರು. ಅವರು ಮಾಡಿದ್ದು ಸರಿ, ನನ್ನ ಹೆಬ್ಬೆರಳಿನ ಗುರುತು ಮಣ್ಣಿನಲ್ಲಿ ಅಚ್ಚು ಹೊಡೆದ ಹಾಗೆ ಇತ್ತು. ಆ ಗುರುತು ನನಗೆ ಈಗಲೂ ಕಾಣುತ್ತೆ. ಆದರೆ ಅದು ಕೊನೆಯ ರೇಡ್ ಆಗಿತ್ತು. ಇಂಥ ಕಡೆ ಸೋತೆ ಅಂತ ಬೆರಳಿಟ್ಟು ತೋರಿಸಬಹುದಿತ್ತು.

ಪುಟ್ಟನ ಕಥೆ ಹಾಗಲ್ಲ. ಅವನು ಸೋತದ್ದು ಗೆದ್ದ ದಿನ. ಎಲ್ಲರೂ ನಗುತ್ತಿದ್ದ ದಿನ. ಎರಡು ತಿಂಗಳು ಯಾರಿಗೂ ಅದು ಗೊತ್ತಿರಲಿಲ್ಲ, ಅವನಿಗೂ. ಆಲೂಗಡ್ಡೆ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆ ಕೊಳ್ಳುತ್ತೇವೆ. ಅಲ್ಲಿ ಕಣ್ಣಿಗೆ ಬೀಳದೆ ಬಂದ ಒಂದು ರೋಗದ ಗೆಡ್ಡೆ ಜುಲೈ ಮಂಜಿನಲ್ಲಿ ಅಂಗಮಾರಿಯಾಗಿ ಹೊಲವೆಲ್ಲ ಹಬ್ಬಬಹುದು. ಆದರೆ ನಾವು ಬಯ್ಯುವುದು ಯಾವಾಗಲೂ ಮಂಜನ್ನೇ.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ. ನಾನು ಸುಮ್ಮನಿದ್ದದ್ದನ್ನು ನೋಡಿ ಅವ್ವ ಮೊಬೈಲ್ ಕಿತ್ತುಕೊಂಡಳು. "ಊಟ ಮಾಡ್ದಾ ಮಗ?" ಅಂದಳು. ಮಾಡಿದ್ದೆ ಅಂದ. "ಅಜ್ಜಿ, ನನ್ ಟ್ರೈ ನೋಡಿದ್ರಾ?"

"ನೋಡ್ದೆ ಕಣಪ್ಪ, ಜಿಂಕೆ ಹೋದಂಗೆ ಹೋದೆ" ಅಂದಳು ಅವ್ವ. ಒಂದು ಕಾಲು, ಒಂದು ಹಳದಿ ಕೊಡೆ ನೋಡಿದ್ದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು, ನಾನು ಗೆಡ್ಡೆ ಆರಿಸತೊಡಗಿದೆ.

ಭಾನುವಾರ ಅಕ್ಕ ಲೀಗಿನ ಕೊನೆಯ ಪಟ್ಟಿಯ ಫೋಟೋ ಕಳಿಸಿದಳು. ಅವ್ವನಿಗೆ ಇಂಗ್ಲಿಷ್ ಬರೋದಿಲ್ಲ, ಅದೇ ಕ್ಯಾಲೆಂಡರ್ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡು ಅಂದಳು. ಬರೆದೆ. ಮೊದಲನೆಯದು 29. ಎರಡನೆಯದು ನಾವು, 28. ಮೂರನೆಯದು 22. ಹೀಗೇ ಇಳಿಯುತ್ತ ಹೋಗಿ ಕೊನೆಯ ತಂಡ ಏಳೂ ಸೋತು 2. "ಎಲ್ಲಾ ಸೋತ್ರೂ ಎರಡು ಕೊಟ್ಟವ್ರಲ್ಲ, ಒಳ್ಳೆ ಜನ" ಅಂದಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಮೇಲಿನ ಎರಡು ಸಾಲಿನ ಮೇಲೆ ಬೆರಳು ಆಡಿಸಿದಳು.

"ಇವ್ರು ಅವ್ರನ್ನ ಸೋಲ್ಸಿದ್ರು ಅಂತ ಎಲ್ಲಿ ಬರ್ದಿದ್ದೀಯ?"

"ಅದಕ್ಕೆ ಇದರಲ್ಲಿ ಜಾಗ ಇಲ್ಲ ಕಣವ್ವ. ಬರೀ ಪಾಯಿಂಟ್ ಬರೀತಾರೆ."

"ಪಕ್ಕದಲ್ಲಿ ಅಷ್ಟು ಜಾಗ ಅದಲ್ಲ, ಬರಿ."

ಕಾಫಿ ಲೋಟದ ಕಂದು ಉಂಗುರದ ಪಕ್ಕದಲ್ಲಿ ಬರೆದೆ: 22–15, ಗೆದ್ದದ್ದು ನಮ್ಮ ಹುಡುಗರು. ಅವ್ವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲದೊಳಗೆ ತುರುಕಿದಳು. ಆಮೇಲೆ ಕೊಳೆತ ಗೆಡ್ಡೆಗಳ ಬುಟ್ಟಿ ಎತ್ತಿಕೊಂಡು ತಿಪ್ಪೆ ಕಡೆ ಹೋದಳು.